ಬಣ್ಣಬಣ್ಣದ ಅರೇಬಿಯನ್ ಮಿಶ್ರತಳಿ ಕುದುರೆ: ಮನೆಮಂದಿಯೇ ಸೇರಿ ತಳಿ ಬೆಳೆಸುವುದು ಹೇಗೆ

ಬಣ್ಣದ ಕುದುರೆ ಬೇಕು ಎಂದು ಹೊರಟವರು ಸಾಮಾನ್ಯವಾಗಿ ಮೊದಲು ಹುಡುಕುವುದು ಬಣ್ಣವನ್ನೇ. ಬಿಳಿ-ಕಪ್ಪು ಮಚ್ಚೆಗಳ ಹೆಣ್ಣುಕುದುರೆ ಎಲ್ಲಿದೆ, ಬಂಗಾರದ ಬಣ್ಣದ ಗಂಡು ಯಾರ ಲಾಯದಲ್ಲಿದೆ ಎಂದು ವಿಚಾರಿಸುತ್ತಾರೆ. ನನ್ನ ಸಲಹೆ ಇದಕ್ಕೆ ತದ್ವಿರುದ್ಧ. ಇಂದು ಕುದುರೆಯಲ್ಲಿ ನಾವು ಬಯಸುವ ಗುಣಗಳಲ್ಲಿ ಸುಲಭವಾಗಿ ಸಿಗುವುದು ಬಣ್ಣವೇ. ಕೂದಲ ಬುಡದಿಂದ ಮಾಡುವ ಒಂದು ಡಿಎನ್‌ಎ ಪರೀಕ್ಷೆ, ಒಂದಿಷ್ಟು ಲೆಕ್ಕಾಚಾರ ಇದ್ದರೆ ಎರಡನೇ ತಲೆಮಾರಿನೊಳಗೆ ಬೇಕಾದ ಬಣ್ಣ ಲಾಯಕ್ಕೆ ಬರುತ್ತದೆ. ಗಟ್ಟಿ ಕಾಲು, ಒಳ್ಳೆಯ ಬೆನ್ನು, ಮಕ್ಕಳೂ ಹತ್ತಿರ ಹೋಗಬಹುದಾದ ಸ್ವಭಾವ ಹಾಗಲ್ಲ. ಅವು ಒಮ್ಮೆ ಕೈತಪ್ಪಿದರೆ ಮರಳಿ ತರಲು ಹತ್ತಿಪ್ಪತ್ತು ವರ್ಷ ಬೇಕು. ಹಾಗಾಗಿ ಈ ಲೇಖನದಲ್ಲಿ ಬಣ್ಣಕ್ಕೆ ದೊಡ್ಡ ಜಾಗವಿದ್ದರೂ ಮೊದಲ ಜಾಗವಿಲ್ಲ.

ಹೆಣ್ಣುಕುದುರೆಯಿಂದ ಶುರು ಮಾಡಿ

ಮನೆಯವರೇ ನಡೆಸುವ ಸಣ್ಣ ಲಾಯಕ್ಕೆ ಎರಡು ಅಥವಾ ಮೂರು ಒಳ್ಳೆಯ ಹೆಣ್ಣುಕುದುರೆಗಳು ಸಾಕು. ಗಂಡುಕುದುರೆ ಸಾಕುವ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಅದಕ್ಕೆ ಬೇರೆಯೇ ಬೇಲಿ, ಬೇರೆಯೇ ಲಾಯ, ಅನುಭವಿ ಕೈ ಬೇಕು. ಮಕ್ಕಳು ಓಡಾಡುವ ಮನೆಯಲ್ಲಿ ಅದು ದಿನದಿನದ ಅಪಾಯ. ಹೆಣ್ಣು ನಿಮ್ಮದಾಗಿದ್ದರೆ ಪ್ರತಿ ವರ್ಷವೂ ಆ ವರ್ಷಕ್ಕೆ ಸರಿಹೊಂದುವ ಗಂಡನ್ನು ಹೊರಗಿನಿಂದ ಆರಿಸಿಕೊಳ್ಳಬಹುದು.

ಹೆಣ್ಣನ್ನು ನೋಡುವಾಗ ಮೊದಲು ಬಿಗಿ ನೆಲದ ಮೇಲೆ ನಡೆಸಿ ನೋಡಿ. ಎದುರಿನಿಂದ ಬರುವಾಗ ಮುಂಗಾಲು ನೇರವಾಗಿ ಬೀಳುತ್ತದೆಯೇ, ಹಿಂದಿನಿಂದ ಹೋಗುವಾಗ ಹಿಂಗಾಲಿನ ಕೀಲು ಒಳಕ್ಕೆ ತಿರುಗುತ್ತದೆಯೇ ಗಮನಿಸಿ. ಗೊರಸನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಬಿಳಿ ಕಾಲಿನ ಕುದುರೆಗೆ ಗೊರಸೂ ತಿಳಿಬಣ್ಣದ್ದಾಗಿರುತ್ತದೆ, ಅದು ಮೆತ್ತಗಿರುತ್ತದೆ ಎಂಬ ನಂಬಿಕೆ ಹಳೆಯದು. ಬಣ್ಣದಿಂದ ಗೊರಸಿನ ಗಟ್ಟಿತನ ತಿಳಿಯುವುದಿಲ್ಲ, ಆಕಾರ ಮತ್ತು ಗೋಡೆಯ ದಪ್ಪದಿಂದ ತಿಳಿಯುತ್ತದೆ. ಈ ಹಿಂದೆ ಮರಿ ಹಾಕಿದ್ದರೆ ಗಬ್ಬ ಎಷ್ಟು ಸಲಕ್ಕೆ ನಿಂತಿತು, ಮರಿಗೆ ಹಾಲು ಸಾಕಾಯಿತೇ, ಮರಿಯನ್ನು ಮುಟ್ಟಲು ಬಿಡುತ್ತಿತ್ತೇ ಎಂದು ಕೇಳಿ. 15 ವರ್ಷ ದಾಟಿದ, ಒಮ್ಮೆಯೂ ಗಬ್ಬವಾಗದ ಹೆಣ್ಣನ್ನು ಎಷ್ಟೇ ಚೆಂದವಿದ್ದರೂ ತಳಿಗಾಗಿ ಕೊಳ್ಳಬೇಡಿ. ಪಶುವೈದ್ಯರಿಂದ ಗರ್ಭಕೋಶದ ಸ್ಕ್ಯಾನ್ ಮತ್ತು ಸೋಂಕಿನ ಸ್ವಾಬ್ ಪರೀಕ್ಷೆ ಮಾಡಿಸಿದ ಮೇಲೆಯೇ ಹಣದ ಮಾತು.

ಅರೇಬಿಯನ್ ರಕ್ತ ಯಾಕೆ ಬೇಕು ಎಂಬುದನ್ನೂ ಮನೆಯಲ್ಲಿ ಕೂತು ಒಮ್ಮೆ ಬಿಡಿಸಿ ಮಾತಾಡಿಕೊಳ್ಳಿ. ದೂರದ ಓಟದ ದಮ್ಮು, ಒಣ ಗಟ್ಟಿ ಮೂಳೆ, ಚುರುಕು ಬುದ್ಧಿ, ತಲೆಯ ಚೆಂದ ಅಲ್ಲಿಂದ ಬರುತ್ತದೆ. ಇನ್ನೊಂದು ಬದಿಯ ತಳಿ ಏನು ಕೊಡಬೇಕು ಎಂಬುದು ನಿಮ್ಮ ಗುರಿಗೆ ಬಿಟ್ಟದ್ದು. ಕ್ವಾರ್ಟರ್ ಹಾರ್ಸ್ ಜೊತೆ ಸೇರಿದರೆ ಹಿಂಭಾಗದ ಬಲ, ಶಾಂತ ಸ್ವಭಾವ. ಮಾರ್ಗನ್ ಜೊತೆಗಾದರೆ ಗಿಡ್ಡಗಿನ ಗಟ್ಟಿಮುಟ್ಟು ಮೈ. ಸ್ಯಾಡಲ್‌ಬ್ರೆಡ್ ಜೊತೆಗಾದರೆ ಎತ್ತಿದ ಕತ್ತು, ಮೇಲಕ್ಕೆತ್ತಿ ಹಾಕುವ ಹೆಜ್ಜೆ. ಪ್ರದರ್ಶನದವರು ನ್ಯಾಷನಲ್ ಶೋ ಹಾರ್ಸ್ ಎಂದು ಕರೆಯುವುದು ಈ ಬೆರಕೆಯನ್ನೇ.

ಬಣ್ಣದ ಲೆಕ್ಕ

ಶುದ್ಧ ಅರೇಬಿಯನ್‌ನಲ್ಲಿ ಟೋಬಿಯಾನೋ ಮಚ್ಚೆಯಿಲ್ಲ, ಬಂಗಾರದ ಬಣ್ಣ ತರುವ ಕ್ರೀಮ್ ಜೀನ್ ಇಲ್ಲ, ಡನ್ (ಮಾಸಲು ಮೈ, ಬೆನ್ನುದ್ದ ಗಾಢ ಗೆರೆ) ಇಲ್ಲ, ಅಪಲೂಸಾ ತಳಿಯ ಚುಕ್ಕಿಗಳಿಲ್ಲ. ಅಲ್ಲಿರುವುದು ಚೆಸ್ಟ್‌ನಟ್ (ಕೆಂಗಂದು), ಬೇ (ಕಂದು ಮೈ, ಕಪ್ಪು ಕಾಲು-ಜೂಲು), ಕಪ್ಪು, ಗ್ರೇ, ಮುಖ-ಕಾಲಿನ ಬಿಳಿ, ಕೆಲವೊಮ್ಮೆ ಹೊಟ್ಟೆಗೂ ಹತ್ತುವ ಬಿಳಿ. ಆದ್ದರಿಂದ ನಿಮಗೆ ಬೇಕಾದ ಬಣ್ಣ ಅರೇಬಿಯನ್ ಅಲ್ಲದ ಪೋಷಕನಿಂದಲೇ ಬರಬೇಕು. ಇಡೀ ಯೋಜನೆಯ ಕೀಲಿ ಇಲ್ಲಿದೆ.

ಮೂಲ ಬಣ್ಣ ಎರಡು ಜೀನ್‌ಗಳ ಆಟ. ಮೊದಲನೆಯದು ಕಪ್ಪು ವರ್ಣದ್ರವ್ಯ ಬರುತ್ತದೋ ಇಲ್ಲವೋ ಎಂದು ನಿರ್ಧರಿಸುತ್ತದೆ. ಬಾರದಿದ್ದರೆ ಚೆಸ್ಟ್‌ನಟ್. ಎರಡನೆಯದು ಆ ಕಪ್ಪನ್ನು ಮೈತುಂಬ ಬಿಡುತ್ತದೋ, ಕಾಲು-ಬಾಲ-ಜೂಲಿಗೆ ಸರಿಸುತ್ತದೋ ಎಂದು ಹೇಳುತ್ತದೆ. ಮೈತುಂಬ ಇದ್ದರೆ ಕಪ್ಪು, ಅಂಚಿಗೆ ಸರಿದರೆ ಬೇ. ಇದರ ಮೇಲೆ ಉಳಿದದ್ದೆಲ್ಲ ಕೂರುತ್ತದೆ.

ಮೊದಲು ಗ್ರೇ ಬಗ್ಗೆ ಹೇಳಲೇಬೇಕು, ಏಕೆಂದರೆ ಬಣ್ಣದ ಯೋಜನೆಗಳು ಹೆಚ್ಚಾಗಿ ಹಾಳಾಗುವುದು ಇದರಿಂದ. ಅರೇಬಿಯನ್‌ಗಳಲ್ಲಿ ಗ್ರೇ ಬಹಳ ಸಾಮಾನ್ಯ. ಅದು ಪ್ರಬಲ ಜೀನ್, ತಂದೆ ಅಥವಾ ತಾಯಿಯಿಂದ ಒಂದು ಪ್ರತಿ ಬಂದರೂ ಸಾಕು. ಮರಿ ಹುಟ್ಟುವಾಗ ಬಣ್ಣದ್ದೇ, ಮಚ್ಚೆಯೂ ಚೆಂದ ಕಾಣುತ್ತದೆ. ಆಮೇಲೆ ವರ್ಷ ವರ್ಷಕ್ಕೂ ಬಿಳಿಯಾಗುತ್ತ ಹೋಗಿ ಕೊನೆಗೆ ಮಚ್ಚೆ ಎಲ್ಲಿತ್ತು ಎಂದು ಚರ್ಮ ಒದ್ದೆ ಮಾಡಿ ನೋಡಬೇಕಾಗುತ್ತದೆ. ವಯಸ್ಸಾದ ಗ್ರೇ ಕುದುರೆಗಳಲ್ಲಿ ಮೆಲನೋಮಾ ಗಡ್ಡೆಗಳೂ ತುಂಬಾ ಸಾಮಾನ್ಯ. ಮರಿಯ ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಬಿಳಿಗೂದಲು ಮೂಡುತ್ತಿದೆಯೇ ನೋಡಿ, ಅದೇ ಮೊದಲ ಸುಳಿವು. ಕಪ್ಪಾಗಿ ಬೆಳೆಯುವ ಮರಿ ಸಾಮಾನ್ಯವಾಗಿ ಹುಟ್ಟುವಾಗ ಇಲಿಬಣ್ಣದ್ದಾಗಿರುತ್ತದೆ. ಹುಟ್ಟುತ್ತಲೇ ಮಿರಮಿರ ಕಪ್ಪಾಗಿದ್ದರೆ, ಪೋಷಕರಲ್ಲಿ ಒಂದು ಗ್ರೇ ಇದ್ದರೆ, ಸಂಭ್ರಮ ಪಡುವ ಮೊದಲು ಪರೀಕ್ಷೆ ಮಾಡಿಸಿ. ಬಣ್ಣಕ್ಕಾಗಿ ತಳಿ ಬೆಳೆಸುವ ಲಾಯದಲ್ಲಿ ಗ್ರೇ ಬೇಡವೇ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಟೋಬಿಯಾನೋ ಅಂದರೆ ಬೆನ್ನು ದಾಟಿ ಇಳಿಯುವ ದುಂಡನೆಯ ಬಿಳಿ ಮಚ್ಚೆ, ಬಿಳಿ ಕಾಲು, ಬಣ್ಣದ ತಲೆ. ಇದೂ ಪ್ರಬಲ ಜೀನ್. ಒಂದೇ ಪ್ರತಿ ಇರುವ ಟೋಬಿಯಾನೋವನ್ನು ಒಂದೇ ಬಣ್ಣದ ಅರೇಬಿಯನ್‌ಗೆ ಕೂಡಿಸಿದರೆ ಮಚ್ಚೆಯ ಮರಿ ಬರುವ ಸಾಧ್ಯತೆ ಪ್ರತಿ ಸಲವೂ ಅರ್ಧಕ್ಕರ್ಧ. ಮೊನ್ನೆ ಬರಲಿಲ್ಲ, ಈ ಸಲ ಬಂದೇ ಬರುತ್ತದೆ ಎಂಬ ಲೆಕ್ಕ ನಡೆಯುವುದಿಲ್ಲ. ಸತತ 4 ಮರಿಗಳೂ ಮಚ್ಚೆಯಿಲ್ಲದೆ ಹುಟ್ಟುವ ಸಾಧ್ಯತೆ 16ರಲ್ಲಿ 1. ಎರಡು ಪ್ರತಿ ಇರುವ ಕುದುರೆಯಾದರೆ ಯಾವ ಜೊತೆಗೆ ಕೂಡಿಸಿದರೂ ಎಲ್ಲ ಮರಿಗಳೂ ಟೋಬಿಯಾನೋ. ಇಂಥ ಕುದುರೆಗಳ ಬಿಳಿಯ ಮೇಲೆ ಬೆಕ್ಕಿನ ಹೆಜ್ಜೆಯಂಥ ಸಣ್ಣ ಕಪ್ಪು ಗುರುತುಗಳು ಕಾಣುವುದುಂಟು, ಆದರೆ ಅದನ್ನೇ ನಂಬಿ ಕೊಳ್ಳಬೇಡಿ, ಪರೀಕ್ಷೆಯ ಕಾಗದ ಕೇಳಿ. ಇದಕ್ಕೆ ವ್ಯತಿರಿಕ್ತವಾಗಿ ಜೀನ್ ಇದ್ದೂ ಬರೀ ನಾಲ್ಕು ಬಿಳಿ ಕಾಲು ಮಾತ್ರ ಕಾಣುವ ಟೋಬಿಯಾನೋಗಳೂ ಇವೆ. ಮಚ್ಚೆಯಿಲ್ಲವೆಂದು ಕಡಿಮೆ ಬೆಲೆಗೆ ಮಾರುವ ಮುನ್ನ ಅವನ್ನೂ ಪರೀಕ್ಷಿಸಿ.

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ. ಟೋಬಿಯಾನೋ ಜೀನೂ, ಕಪ್ಪೋ ಚೆಸ್ಟ್‌ನಟ್ಟೋ ಎಂದು ನಿರ್ಧರಿಸುವ ಜೀನೂ ಎರಡೂ 3ನೇ ವರ್ಣತಂತುವಿನಲ್ಲೇ ಇವೆ, ಹೆಚ್ಚಾಗಿ ಜೊತೆಯಲ್ಲೇ ಮರಿಗೆ ಹೋಗುತ್ತವೆ. ಹಾಗಾಗಿ ನಿಮ್ಮ ಹೆಣ್ಣಿಗೆ ಮಚ್ಚೆ ಮತ್ತು ಕಪ್ಪು ಒಂದೇ ಪೋಷಕನಿಂದ ಒಟ್ಟಿಗೆ ಬಂದಿದ್ದರೆ ಅವಳ ಮಚ್ಚೆಯ ಮರಿಗಳಿಗೆ ಕಪ್ಪಿನ ಜೀನೂ ಬಹುತೇಕ ಕೂಡಿ ಬರುತ್ತದೆ. ಚೆಸ್ಟ್‌ನಟ್ ಜೊತೆ ಬಂದಿದ್ದರೆ ಅವಳಿಂದ ಕಪ್ಪು ಟೋಬಿಯಾನೋ ನಿರೀಕ್ಷಿಸುವುದು ಕಷ್ಟ, ಆ ಕಪ್ಪು ಗಂಡಿನ ಕಡೆಯಿಂದ ಬರಬೇಕು. ವಂಶಾವಳಿಯ ಕಾಗದ ಹರಡಿಕೊಂಡು ಇದನ್ನು ಗುರುತು ಮಾಡುವುದು ಮನೆಯ ದೊಡ್ಡ ಮಕ್ಕಳಿಗೆ ಒಳ್ಳೆಯ ಕೆಲಸ, ಅವರು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ.

ಬಂಗಾರದ ಬಣ್ಣ ಬೇಕಾದವರಿಗೆ ಕ್ರೀಮ್ ಜೀನ್. ಒಂದು ಪ್ರತಿ ಚೆಸ್ಟ್‌ನಟ್ ಮೇಲೆ ಬಿದ್ದರೆ ಪಾಲೊಮಿನೊ (ಬಂಗಾರದ ಮೈ, ಬಿಳಿ ಜೂಲು), ಬೇ ಮೇಲೆ ಬಿದ್ದರೆ ಬಕ್‌ಸ್ಕಿನ್ (ಬಂಗಾರದ ಮೈ, ಕಪ್ಪು ಜೂಲು). ಕಪ್ಪಿನ ಮೇಲೆ ಬಿದ್ದರೆ ಕಣ್ಣಿಗೆ ಅಷ್ಟಾಗಿ ಕಾಣುವುದೇ ಇಲ್ಲ. ಎರಡು ಪ್ರತಿ ಸೇರಿದರೆ ಕೆನೆಬಿಳಿ ಮೈ, ನೀಲಿ ಕಣ್ಣು. ಚೆಸ್ಟ್‌ನಟ್ ಮೇಲೆ ಹೀಗೆ ಎರಡು ಪ್ರತಿ ಇರುವ ಕ್ರೆಮೆಲೊ ಹೆಣ್ಣನ್ನು ಚೆಸ್ಟ್‌ನಟ್ ಅರೇಬಿಯನ್ ಗಂಡಿಗೆ ಕೂಡಿಸಿದರೆ ಹುಟ್ಟುವ ಪ್ರತಿ ಮರಿಯೂ ಅರ್ಧ ಅರೇಬಿಯನ್ ರಕ್ತದ ಪಾಲೊಮಿನೊ. ಇದಕ್ಕಿಂತ ಖಚಿತ ಬಣ್ಣದ ಲೆಕ್ಕ ನನಗೆ ಗೊತ್ತಿಲ್ಲ.

ಅರೇಬಿಯನ್ ರಕ್ತ ಹೆಚ್ಚಿಸುತ್ತ ಮಚ್ಚೆ ಉಳಿಸಿಕೊಳ್ಳುವುದು ಇನ್ನೊಂದು ಹಾದಿ. ಮೊದಲ ಬೆರಕೆಯಲ್ಲಿ 50 ಪ್ರತಿಶತ, ಆಮೇಲೆ ಪ್ರತಿ ಸಲವೂ ಶುದ್ಧ ಅರೇಬಿಯನ್‌ಗೇ ಕೂಡಿಸುತ್ತ ಹೋದರೆ 75, 87.5, ಹೀಗೆ ಏರಿ 7ನೇ ತಲೆಮಾರಿಗೆ 99 ದಾಟುತ್ತದೆ. ಪಿಂಟೇಬಿಯನ್ ಎಂದು ಕರೆಯುವ ಟೋಬಿಯಾನೋ ಕುದುರೆಗಳು ಹೀಗೆ ಬಂದವು. ಹೆಣ್ಣುಮರಿ ಬೆಳೆದು ತಾನೂ ಮರಿ ಹಾಕಲು ಸುಮಾರು 5 ವರ್ಷ ಹಿಡಿಯಿರಿ. 7 ತಲೆಮಾರು ಎಂದರೆ 35 ವರ್ಷ. ಒಬ್ಬರ ಕೈಯಲ್ಲಿ ಮುಗಿಯುವ ಕೆಲಸವಲ್ಲ, ಮನೆತನ ಹಿಡಿಯಬೇಕಾದ ಕೆಲಸ.

ಕೂಡಿಸುವ ಮೊದಲು ಆಗಲೇಬೇಕಾದ ಪರೀಕ್ಷೆಗಳು

ಇಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ನೋಡಬೇಡಿ. ಅರೇಬಿಯನ್ ರಕ್ತದಲ್ಲಿ ನಾಲ್ಕು ವಂಶವಾಹಿ ರೋಗಗಳಿಗೆ ಪರೀಕ್ಷೆ ಲಭ್ಯವಿದೆ. ಎಸ್‌ಸಿಐಡಿ (ರೋಗನಿರೋಧಕ ಶಕ್ತಿಯೇ ಬೆಳೆಯದ ರೋಗ) ಇದ್ದ ಮರಿ ಹುಟ್ಟುವಾಗ ಆರೋಗ್ಯವಾಗಿಯೇ ಇರುತ್ತದೆ, ತಾಯಿಯ ಹಾಲಿನಿಂದ ಬಂದ ರಕ್ಷಣೆ ಕರಗಿದ ಮೇಲೆ ಒಂದಾದ ಮೇಲೊಂದು ಸೋಂಕು ಹತ್ತಿ ಕೆಲವೇ ತಿಂಗಳಲ್ಲಿ ಸಾಯುತ್ತದೆ. ಸೆರೆಬೆಲ್ಲಾರ್ ಅಬಯೋಟ್ರೋಫಿಯಲ್ಲಿ ತಲೆ ನಡುಗುತ್ತದೆ, ನಡಿಗೆಯ ಸಮತೋಲ ತಪ್ಪುತ್ತದೆ. ಲ್ಯಾವೆಂಡರ್ ಫೋಲ್ ಸಿಂಡ್ರೋಮ್‌ನ ಮರಿ ತಿಳಿ ಬೆಳ್ಳಿಯ, ನೇರಳೆ ಛಾಯೆಯ ಅಪರೂಪದ ಮೈಬಣ್ಣದಲ್ಲಿ ಹುಟ್ಟುತ್ತದೆ, ಆದರೆ ಎದ್ದು ನಿಲ್ಲಲಾರದು, ಬದುಕಲಾರದು. ನಾಲ್ಕನೆಯದು ಕತ್ತಿನ ಮೇಲ್ಭಾಗದ ಮೂಳೆಗಳ ವಿಕಾರ. ನಾಲ್ಕೂ ಮರಿಗೆ ತಟ್ಟಬೇಕಾದರೆ ಎರಡೂ ಕಡೆಯಿಂದ ದೋಷದ ಜೀನ್ ಬರಬೇಕು. ಒಂದೇ ಕಡೆಯಿಂದ ಅದು ಬಂದಿರುವ ವಾಹಕ ಕುದುರೆ ನೋಡಲು ಪೂರ್ತಿ ಆರೋಗ್ಯವಾಗಿರುತ್ತದೆ. ಬೆರಕೆ ತಳಿಗೆ ಇದೆಲ್ಲ ಬರುವುದಿಲ್ಲ ಎನ್ನುವವರಿದ್ದಾರೆ. ಮೊದಲ ಬೆರಕೆಗೆ ಆ ಮಾತು ಹೆಚ್ಚುಕಡಿಮೆ ಸರಿ. ಅರ್ಧ ಅರೇಬಿಯನ್ ಹೆಣ್ಣನ್ನು ಮತ್ತೆ ಅರೇಬಿಯನ್‌ಗೆ ಕೂಡಿಸುವ ಕ್ಷಣದಿಂದ ಅಪಾಯ ವಾಪಸ್ ಬರುತ್ತದೆ.

ಬಣ್ಣದ ಕಡೆಯಿಂದ ಬರುವ ದೊಡ್ಡ ಅಪಾಯ ಫ್ರೇಮ್ ಓವರೋ. ಒಂದು ಪ್ರತಿ ಇದ್ದರೆ ಪಕ್ಕೆಯ ಮೇಲೆ ಚೆಂದದ ಅಂಕುಡೊಂಕು ಬಿಳಿ. ಎರಡು ಪ್ರತಿ ಸೇರಿದರೆ ಮರಿ ಬೆಳ್ಳಗೆ ಹುಟ್ಟುತ್ತದೆ, ಕರುಳಿನಲ್ಲಿ ನರಗಳೇ ಬೆಳೆದಿರುವುದಿಲ್ಲ, ಹೊಟ್ಟೆನೋವಿನಿಂದ ನರಳಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಇದಕ್ಕೆ ಚಿಕಿತ್ಸೆ ಇಲ್ಲ. ಇಬ್ಬರು ವಾಹಕರನ್ನು ಕೂಡಿಸಿದರೆ ಇಂಥ ಮರಿಯ ಸಾಧ್ಯತೆ 4ರಲ್ಲಿ 1. ಬಿಳಿಯೇ ಕಾಣದ ಕುದುರೆಯಲ್ಲೂ ಈ ಜೀನ್ ಅಡಗಿರಬಹುದಾದ್ದರಿಂದ ಕಣ್ಣಂದಾಜಿಗೆ ಬೆಲೆಯಿಲ್ಲ. ಅಪಲೂಸಾ ಚುಕ್ಕಿಯ ಜೀನ್ ಎರಡು ಪ್ರತಿ ಆದಾಗ ಕುದುರೆಗೆ ರಾತ್ರಿ ಕಣ್ಣು ಕಾಣುವುದಿಲ್ಲ ಎಂಬುದೂ ನೆನಪಿರಲಿ. ಕ್ವಾರ್ಟರ್ ಹಾರ್ಸ್ ಅಥವಾ ಪೇಂಟ್ ರಕ್ತ ಇದ್ದರೆ ಎಚ್‌ವೈಪಿಪಿ, ಹರ್ಡಾ, ಜಿಬಿಇಡಿ, ಪಿಎಸ್‌ಎಸ್‌ಎಂ ಮುಂತಾದ ವಂಶವಾಹಿ ರೋಗಗಳ ಪರೀಕ್ಷೆಯನ್ನೂ ಸೇರಿಸಿ. ಜೂಲಿನ ಅಥವಾ ಬಾಲದ 20–30 ಕೂದಲನ್ನು ಬುಡಸಮೇತ ಕಿತ್ತು ಕಳಿಸಿದರೆ ಹೆಚ್ಚಿನ ಪ್ರಯೋಗಾಲಯಗಳಿಗೆ ಸಾಕು. ಕತ್ತರಿಸಿದ ಕೂದಲು ಉಪಯೋಗವಿಲ್ಲ, ಡಿಎನ್‌ಎ ಇರುವುದು ಬುಡದಲ್ಲಿ.

ನೋಂದಣಿಯ ನಿಯಮವನ್ನೂ ಕೂಡಿಸುವ ಮೊದಲೇ ಓದಿಕೊಳ್ಳಿ. ಅಮೆರಿಕದ ಅರೇಬಿಯನ್ ಹಾರ್ಸ್ ಅಸೋಸಿಯೇಶನ್‌ನಲ್ಲಿ ಹಾಫ್-ಅರೇಬಿಯನ್ ಎಂದು ದಾಖಲಾಗಲು ಪೋಷಕರಲ್ಲಿ ಒಂದು ನೋಂದಾಯಿತ ಶುದ್ಧ ಅರೇಬಿಯನ್ ಆಗಿರಬೇಕು. ಎರಡು ಅರ್ಧ ಅರೇಬಿಯನ್‌ಗಳನ್ನು ಕೂಡಿಸಿ ಎರಡು ಪ್ರತಿ ಟೋಬಿಯಾನೋ ಇರುವ ಮರಿ ಪಡೆಯಬಹುದು, ಆದರೆ ಆ ಮರಿಗೆ ಈ ಕಾಗದ ಸಿಗುವುದಿಲ್ಲ. ಬೇರೆ ದೇಶಗಳ ಸಂಸ್ಥೆಗಳಿಗೆ ಬೇರೆ ಪ್ರಮಾಣ. ಮಚ್ಚೆಯ ಕುದುರೆಗಳಿಗೆ ಪ್ರತ್ಯೇಕ ಪಿಂಟೋ ನೋಂದಣಿಯೂ ಇದೆ, ಎರಡೂ ಕಡೆ ದಾಖಲಿಸಿದರೆ ಮಾರಾಟಕ್ಕೆ ಅನುಕೂಲ.

ಬೆದೆ, ಗಬ್ಬ, ಕಾಯುವ ತಿಂಗಳು

ಹೆಣ್ಣುಕುದುರೆಗೆ ಹಗಲು ಉದ್ದವಾಗುವ ಕಾಲದಲ್ಲಿ ಬೆದೆ. ಚಕ್ರ ಸುಮಾರು 21 ದಿನದ್ದು, ಬೆದೆ 5ರಿಂದ 7 ದಿನ, ಅಂಡ ಬಿಡುಗಡೆಯಾಗುವುದು ಬೆದೆ ಮುಗಿಯುವ ಮುಂಚಿನ ಒಂದೆರಡು ದಿನದಲ್ಲಿ. ಬೇಗ ಬೆದೆಗೆ ತರಬೇಕೆಂದರೆ ಎರಡು ತಿಂಗಳು ಮುಂಚಿನಿಂದಲೇ ಸಂಜೆ ದೀಪ ಹಾಕಿ ದಿನದ ಬೆಳಕನ್ನು 16 ಗಂಟೆಗೆ ಏರಿಸಬೇಕು. ಸಣ್ಣ ಲಾಯಕ್ಕೆ ತಂಪು ಮಾಡಿ ಕಳಿಸಿದ ವೀರ್ಯವೇ ಅನುಕೂಲ. ಹೆಪ್ಪುಗಟ್ಟಿಸಿದ್ದಕ್ಕೆ ಅಂಡ ಬಿಡುಗಡೆಯ ಸಮಯ ಗಂಟೆಗಳ ಲೆಕ್ಕದಲ್ಲಿ ಹಿಡಿಯಬೇಕು, ಪದೇ ಪದೇ ಸ್ಕ್ಯಾನ್ ಬೇಕು. ಗಂಡಿನ ಯಜಮಾನರಿಂದ ವೈರಲ್ ಆರ್ಟರೈಟಿಸ್ (ವೀರ್ಯದಿಂದಲೂ ಹರಡುವ ವೈರಸ್ ರೋಗ) ಪರೀಕ್ಷೆಯ ವರದಿ, ಹಿಂದಿನ ವರ್ಷದ ಗಬ್ಬದ ಪ್ರಮಾಣ, ಮರಿ ಬದುಕದಿದ್ದರೆ ಮತ್ತೊಮ್ಮೆ ಅವಕಾಶವಿದೆಯೇ ಎಂಬುದನ್ನು ಬರಹದಲ್ಲೇ ಪಡೆಯಿರಿ.

ಕೂಡಿಸಿದ 14ರಿಂದ 16ನೇ ದಿನದ ಸ್ಕ್ಯಾನ್ ತಪ್ಪಿಸಬೇಡಿ. ಅವಳಿ ಇದ್ದರೆ ಒಂದನ್ನು ಇಲ್ಲವಾಗಿಸಲು ಸರಿಯಾದ ಕಾಲ ಅದು. ಕುದುರೆಯಲ್ಲಿ ಅವಳಿ ಗಬ್ಬ ಹೆಚ್ಚಾಗಿ ಎರಡೂ ಮರಿಗಳ ನಷ್ಟದಲ್ಲಿ ಮುಗಿಯುತ್ತದೆ, ಕೆಲವೊಮ್ಮೆ ತಾಯಿಯೂ ಉಳಿಯುವುದಿಲ್ಲ. 4 ವಾರಕ್ಕೆ ಎದೆಬಡಿತ ನೋಡಿಸಿ. ಗರ್ಭಪಾತ ತರುವ ಹರ್ಪಿಸ್ ವೈರಸ್ ವಿರುದ್ಧ 5, 7, 9ನೇ ತಿಂಗಳಿಗೆ ಲಸಿಕೆ, ಈಯುವ 4ರಿಂದ 6 ವಾರ ಮುಂಚೆ ಧನುರ್ವಾಯು ಸೇರಿದಂತೆ ಬೂಸ್ಟರ್. ಆ ಬೂಸ್ಟರ್ ತಾಯಿಗಿಂತ ಹೆಚ್ಚಾಗಿ ಗಿಣ್ಣುಹಾಲಿಗಾಗಿ. ಕೊನೆಯ ಮೂರು ತಿಂಗಳು ಮರಿ ವೇಗವಾಗಿ ಬೆಳೆಯುವುದರಿಂದ ಮೇವಿನ ಗುಣಮಟ್ಟ ಏರಿಸಿ. ಪಕ್ಕೆಲುಬು ಕಾಣಬಾರದು, ಕೈ ಒತ್ತಿದರೆ ಸಿಗಬೇಕು. ಮೇಯುವಲ್ಲಿ ಟಾಲ್ ಫೆಸ್ಕ್ಯೂ ಹುಲ್ಲಿದ್ದರೆ ಆ ಮೂರು ತಿಂಗಳು ಹೆಣ್ಣನ್ನು ಅಲ್ಲಿಂದ ಬೇರೆ ಕಡೆ ಕಟ್ಟಿ. ಅದರಲ್ಲಿ ಬೆಳೆಯುವ ಶಿಲೀಂಧ್ರ ಹಾಲನ್ನೇ ಬತ್ತಿಸುತ್ತದೆ.

ಈಯುವ ರಾತ್ರಿ

ಗಬ್ಬದ ಅವಧಿ ಸರಾಸರಿ 340 ದಿನ, 320ರಿಂದ 365ರವರೆಗೂ ಸಹಜ. ಎರಡರಿಂದ ನಾಲ್ಕು ವಾರ ಮುಂಚೆ ಕೆಚ್ಚಲು ತುಂಬತೊಡಗುತ್ತದೆ. ಮೊಲೆತುದಿಯಲ್ಲಿ ಹಳದಿ ಮೇಣದಂಥ ಹನಿ ಕಟ್ಟಿದರೆ ಒಂದೆರಡು ದಿನದ ಮಾತು. ಬಹುಪಾಲು ಹೆಣ್ಣುಗಳು ರಾತ್ರಿಯೇ ಈಯುತ್ತವೆ, ಆದ್ದರಿಂದ ಮನೆಮಂದಿ ಪಾಳಿ ಹಂಚಿಕೊಳ್ಳಬೇಕು. ಮರದ ಹೊಟ್ಟಿಗಿಂತ ಹುಲ್ಲಿನ ಹಾಸು ಒಳ್ಳೆಯದು, ಹಸಿ ಮರಿಯ ಮೂಗಿಗೆ ಅಂಟುವುದಿಲ್ಲ. ಟಾರ್ಚ್, ಒಣ ಟವೆಲ್, ಕೈಗವಸು, ಕತ್ತರಿ, ಕ್ಲೋರ್‌ಹೆಕ್ಸಿಡಿನ್ ದ್ರಾವಣ, ಗಡಿಯಾರ, ಪಶುವೈದ್ಯರ ನಂಬರ್ ಗೋಡೆಗೆ.

ನೀರು ಒಡೆದ ಮೇಲೆ ಗಡಿಯಾರ ನೋಡಿ. ಐದು ನಿಮಿಷದೊಳಗೆ ನೀಲಿಬಿಳುಪಿನ ನಯವಾದ ಪೊರೆ ಕಾಣಬೇಕು. ಒಳಗೆ ಒಂದು ಮುಂಗಾಲು ಸ್ವಲ್ಪ ಮುಂದೆ, ಇನ್ನೊಂದು ಹಿಂದೆ, ಗೊರಸಿನ ಅಡಿ ನೆಲದ ಕಡೆಗೆ, ಮೊಣಕಾಲಿನ ಮೇಲೆ ಒರಗಿದ ಮೂಗು. ಇದಿಷ್ಟೂ ಸರಿಯಿದ್ದರೆ ಕೈಕಟ್ಟಿ ನಿಲ್ಲಿ. 20–30 ನಿಮಿಷದಲ್ಲಿ ಮರಿ ಹೊರಗಿರುತ್ತದೆ. ಬಿಳಿಯ ಬದಲು ಕೆಂಪು ಮಖಮಲ್ಲಿನಂಥ ಚೀಲ ಕಂಡರೆ ವೈದ್ಯರು ಬರುವವರೆಗೆ ಕಾಯುವಂತಿಲ್ಲ. ಮಾಸು ಮೊದಲೇ ಬಿಟ್ಟುಕೊಂಡಿದೆ, ಮರಿಗೆ ಆಮ್ಲಜನಕ ಸಿಗುತ್ತಿಲ್ಲ. ಚೀಲವನ್ನು ಆಗಲೇ ಕತ್ತರಿಸಿ, ತಾಯಿ ತಿಣುಕುವಾಗಲೆಲ್ಲ ಕಾಲು ಹಿಡಿದು ಕೆಳಮುಖವಾಗಿ ಎಳೆಯಿರಿ, ಇನ್ನೊಬ್ಬರು ಫೋನ್ ಮಾಡಲಿ. ಯಾರು ಕತ್ತರಿ, ಯಾರು ಫೋನ್ ಎಂಬುದು ವಾರ ಮುಂಚೆಯೇ ತೀರ್ಮಾನವಾಗಿರಬೇಕು.

ಹುಟ್ಟಿದ ಮೇಲೆ ಹೊಕ್ಕುಳಬಳ್ಳಿಯನ್ನು ಕತ್ತರಿಸಬೇಡಿ. ತಾಯಿ ಎದ್ದಾಗ ತಾನೇ ಹರಿಯುತ್ತದೆ, ಆಮೇಲೆ ದ್ರಾವಣದಲ್ಲಿ ಅದ್ದಿ. ಮರಿ 1 ಗಂಟೆಯೊಳಗೆ ನಿಲ್ಲಬೇಕು, 2 ಗಂಟೆಯೊಳಗೆ ಮೊಲೆ ಹಿಡಿಯಬೇಕು, 3 ಗಂಟೆಯೊಳಗೆ ಮಾಸು ಬೀಳಬೇಕು. ಬಿದ್ದ ಮಾಸನ್ನು ಎಸೆಯದೆ ನೆಲದ ಮೇಲೆ ಬಿಡಿಸಿ ಹಾಸಿ, ಕೊಂಬಿನಂತೆ ಚಾಚಿದ ಎರಡೂ ತುದಿ ಪೂರ್ತಿ ಇದೆಯೇ ನೋಡಿ. ಒಂದು ಚೂರು ಒಳಗೆ ಉಳಿದರೂ ತಾಯಿಗೆ ನಂಜೇರಿ ಗೊರಸಿನ ಉರಿಯೂತ ಬರಬಹುದು. ಮರಿಯ ಕರುಳು ಗಿಣ್ಣುಹಾಲಿನ ರಕ್ಷಣೆಯನ್ನು ಹೀರುವುದು ಮೊದಲ ದಿನ ಮಾತ್ರ, ಗಂಟೆ ಕಳೆದಂತೆಲ್ಲ ಕಡಿಮೆ. ಸುಮಾರು 18ರಿಂದ 24 ಗಂಟೆಗೆ ರಕ್ತದ ಐಜಿಜಿ (ಗಿಣ್ಣುಹಾಲಿನಿಂದ ಬಂದ ರಕ್ಷಣೆಯ ಪ್ರೋಟೀನ್) ಪರೀಕ್ಷೆ ಮಾಡಿಸಿ, 800 ಮಿ.ಗ್ರಾಂ/ಡೆಸಿಲೀಟರ್‌ಗಿಂತ ಹೆಚ್ಚಿದ್ದರೆ ನಿಶ್ಚಿಂತೆ.

ಮರಿ ಬೆಳೆಯುವಾಗ

ಹುಟ್ಟಿದ ವಾರದಲ್ಲೇ ಎರಡೂ ಪಕ್ಕೆ, ಮುಂದೆ, ಹಿಂದೆ, ನಾಲ್ಕು ಕಾಲಿನ ಫೋಟೊ ತೆಗೆಯಿರಿ, ಮರಿಗೂದಲು ಉದುರಿದ ಮೇಲೆ ಮತ್ತೊಮ್ಮೆ. ಮರಿಯ ಬಣ್ಣ ನೋಡಿ ಹೆಸರಿಟ್ಟು ನೋಂದಣಿ ಅರ್ಜಿ ಕಳಿಸುವ ಆತುರ ಬೇಡ. ಚೆಸ್ಟ್‌ನಟ್ ಎಂದುಕೊಂಡದ್ದು ಬೇ ಆಗುವುದು, ಪಾಲೊಮಿನೊ ಎಂದುಕೊಂಡದ್ದು ಬರೀ ತಿಳಿ ಮರಿಗೂದಲಾಗಿರುವುದು ಸಾಮಾನ್ಯ. ಬಿಳಿ ಮಚ್ಚೆಯ ಕೆಳಗಿನ ಚರ್ಮ ಗುಲಾಬಿ ಬಣ್ಣದ್ದು, ಬಿಸಿಲಿಗೆ ಸುಡುತ್ತದೆ. ಮೂತಿಗೆ ಸತುವಿನ ಆಕ್ಸೈಡ್ ಮುಲಾಮು, ಕಣ್ಣಿನ ಸುತ್ತ ಬಿಳಿಯಿದ್ದರೆ ಬಿಸಿಲು ತಡೆಯುವ ಮುಸುಕು ಹಾಕಿ. ಅಂಥ ಕಣ್ಣಿಗೆ ವಯಸ್ಸಾದ ಮೇಲೆ ಚರ್ಮದ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು.

ಅರೇಬಿಯನ್ ರಕ್ತದ ಮರಿ ಬೇಗ ಕಲಿಯುತ್ತದೆ, ಕೆಟ್ಟದ್ದನ್ನೂ ಅಷ್ಟೇ ಬೇಗ. ಮುದ್ದು ಎಂದು ಎದೆಗೆ ಒರಗಲು ಬಿಟ್ಟ ಮರಿ ಎರಡು ವರ್ಷಕ್ಕೆ ಜನರನ್ನು ನೂಕುತ್ತದೆ. ದಿನಕ್ಕೆ ಹತ್ತು ನಿಮಿಷ ಮುಖಪಟ್ಟಿ ಹಾಕಿ, ಕಾಲೆತ್ತಿಸಿ, ನಡೆಸಿ, ಬಿಟ್ಟುಬಿಡಿ. ಸಣ್ಣ ಮಕ್ಕಳು ತಾಯಿ ಮತ್ತು ಮರಿಯ ನಡುವೆ ಎಂದೂ ನಿಲ್ಲಬಾರದು. ಎಂಥ ಸಾಧು ಹೆಣ್ಣೂ ಮರಿಗಾಗಿ ಒದೆಯುತ್ತದೆ. 4ರಿಂದ 6 ತಿಂಗಳಿಗೆ ಹಾಲು ಬಿಡಿಸಿ, ಒಂಟಿಯಾಗಿಡದೆ ಜೊತೆ ಕೊಡಿ.

ಕೊನೆಗೆ ಆಯ್ಕೆ. ಎಲ್ಲ ಗಂಡುಮರಿಗಳ ಬೀಜ ತೆಗೆಸುವುದೇ ನಿಯಮವೆಂದು ಇಟ್ಟುಕೊಳ್ಳಿ, ಎರಡು ಪ್ರತಿ ಟೋಬಿಯಾನೋ ಇದ್ದರೂ ಸರಿ. ಅಂಥ ಬಣ್ಣದ ಗಂಡು ಇನ್ನೊಂದು ಸಿಗುತ್ತದೆ. ಮೈಕಟ್ಟು, ನಡಿಗೆ, ಸ್ವಭಾವ ಮೂರರಲ್ಲೂ ತಾಯಿತಂದೆಯನ್ನು ಮೀರಿಸಿದ್ದನ್ನು ಮಾತ್ರ ಗಂಡಾಗಿ ಉಳಿಸಿ, ಅದೂ ಹೊರಗಿನವರೊಬ್ಬರು ನೋಡಿ ಒಪ್ಪಿದ ಮೇಲೆ. ಮನೆಯಲ್ಲಿ ಹುಟ್ಟಿದ್ದು ಮನೆಯವರ ಕಣ್ಣಿಗೆ ಯಾವಾಗಲೂ ಚೆಂದ. ಹೆಣ್ಣುಮರಿಗಳಲ್ಲಿ ತಾಯಿಗಿಂತ ಉತ್ತಮವಾದದ್ದನ್ನು ಇಟ್ಟುಕೊಂಡು ಉಳಿದವನ್ನು ಮಾರಿ, ಮಚ್ಚೆಯಿಲ್ಲದೆ ಹುಟ್ಟಿದ್ದೇ ಉತ್ತಮವಾಗಿದ್ದರೆ ಅದನ್ನೇ ಇಟ್ಟುಕೊಳ್ಳಿ. ಕಳೆದುಹೋದ ಟೋಬಿಯಾನೋ ಮುಂದಿನ ಗಂಡಿನಿಂದ ವಾಪಸ್ ಬರುತ್ತದೆ.

ಎಷ್ಟು ಮರಿ ಎಂಬುದಕ್ಕೂ ಒಂದು ಮಿತಿ ಹಾಕಿಕೊಳ್ಳಿ: ಮಾರಾಟವಾಗದಿದ್ದರೆ ಮೂರು ವರ್ಷದವರೆಗೆ ಮೇವು, ಗೊರಸು, ವೈದ್ಯರ ಖರ್ಚು ಕೊಟ್ಟು ಸಾಕಬಲ್ಲಷ್ಟು ಮಾತ್ರ. ಮಾರುವಾಗ ಮರಿಯ ಜೊತೆ ಹೋಗಬೇಕಾದ ಕಡತದಲ್ಲಿ ಪೋಷಕರ ಮತ್ತು ಮರಿಯ ಎಲ್ಲ ಪರೀಕ್ಷಾ ವರದಿಗಳು, ಹುಟ್ಟಿದ ದಿನದಿಂದ ತೆಗೆದ ಫೋಟೊಗಳು, ಲಸಿಕೆ ಮತ್ತು ಜಂತಿನ ಔಷಧಿಯ ದಿನಾಂಕಗಳು ಇರಲಿ. ವಾಹಕವಾಗಿದ್ದರೆ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆಯಿರಿ, ಕೊಳ್ಳುವವರಿಗೆ ಓದಿಯೂ ಹೇಳಿ. ಮುಂದೆಂದಾದರೂ ಸಾಕಲಾಗದಿದ್ದರೆ ಮೊದಲು ನಿಮಗೇ ತಿಳಿಸಬೇಕು ಎಂಬ ಒಂದು ಸಾಲನ್ನು ಮಾರಾಟದ ಕರಾರಿಗೆ ಸೇರಿಸಿ.